ಗ್ರಿಲ್ಲಕ್ಕ ಕ್ಯಾಮೆರಾ ಕೊಂಡಿದ್ದು

ಆ ಹುಡುಗಿಯ ಒಂದು ವರ್ಷವನ್ನು ನುಂಗಿ ಹಾಕಿದ್ದು ಒಂದು ಬೋಳು ತಲೆ.

ತಲೆ ಸೈಕಲ್ ಕ್ಲಬ್ಬಿನ ಸಮಾರಂಭಕ್ಕೆ ಬಂದ ಮುಖ್ಯ ಅತಿಥಿಯದ್ದು. ಹುಡುಗಿ ಇಳಿಜಾರಿನಲ್ಲಿ ಬಾಣದ ಹಾಗೆ ಬಂದಳು, ಕಬ್ಬಿಣದ ರ‍್ಯಾಂಪ್ ಹತ್ತಿದಳು, ಗಾಳಿಯಲ್ಲಿ ಸೈಕಲ್ ಸಮೇತ ಒಂದು ಸುತ್ತು ತಿರುಗಿ ಆಚೆಯ ರ‍್ಯಾಂಪಿನ ಮೇಲೆ ಇಳಿದಳು. ನೆರೆದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನೋಡದೇ ಇದ್ದದ್ದು ಕ್ಲಬ್ಬಿನ ಕ್ಯಾಮೆರಾ ಒಂದೇ. ಅದು ಸರಿಯಾಗಿ ಅದೇ ಹೊತ್ತಿಗೆ ಅತಿಥಿಯ ಕಡೆ ತಿರುಗಿ, ತಲೆಯನ್ನು ಹತ್ತಿರಕ್ಕೆಳೆದುಕೊಂಡು, ಅಲ್ಲೇ ಠಿಕಾಣಿ ಹೂಡಿತು. ವಾಪಸ್ ಬರುವಷ್ಟರಲ್ಲಿ ಹುಡುಗಿ ಸೈಕಲ್ ಇಳಿದು ನೀರು ಕುಡಿಯುತ್ತಿದ್ದಳು.

ನಕ್ಕು ಸುಮ್ಮನಾಗುವ ವಿಷಯವಲ್ಲ ಇದು. ಸೈಕಲ್ ಸಾಹಸದ ಕಿರಿಯರ ತಂಡಕ್ಕೆ ಆರಿಸುವ ಮಂಡಳಿಯ ದೊಡ್ಡ ಮನುಷ್ಯರಿಗೆ ಊರೂರು ತಿರುಗಿ ಮಕ್ಕಳನ್ನು ನೋಡಲು ಪುರುಸೊತ್ತಿಲ್ಲ. ವಿಡಿಯೊ ಕಳಿಸಿ ಅನ್ನುತ್ತಾರೆ. ಓಟ ಶುರುವಿನಿಂದ ಕೊನೆತನಕ ಒಂದೇ ಉಸಿರಿಗೆ ಇರಬೇಕು, ಎಲ್ಲೂ ಕತ್ತರಿ ಹಾಕಿರಬಾರದು, ಸವಾರಿ ಮಾಡುವವರು ಪೂರ್ತಿ ಕಾಣಬೇಕು. ಕ್ಲಬ್ಬು ಆ ಬೋಳು ತಲೆಯ ವಿಡಿಯೊವನ್ನೇ ಕಳಿಸಿತು. "ಸ್ಪರ್ಧಿ ಕಾಣುತ್ತಿಲ್ಲ, ತಿರಸ್ಕರಿಸಲಾಗಿದೆ" ಎಂದು ಉತ್ತರ ಬಂತು. ಹುಡುಗಿಗೆ ಆಗ ಹದಿನಾರು ತುಂಬಿತ್ತು. ಹದಿನೆಂಟಾದವರಿಗೆ ಆ ತಂಡದ ಬಾಗಿಲು ಮುಚ್ಚುತ್ತದೆ. ಆಯ್ಕೆ ವರ್ಷಕ್ಕೊಮ್ಮೆ; ಅಂದರೆ ಇನ್ನು ಉಳಿದದ್ದು ಒಂದೇ ಸಲ.

ಹುಡುಗಿಯನ್ನು ಎಲ್ಲರೂ ಕರೆಯುವುದು ಮಿಡತೆ ಎಂದು. ನಡೆಯುವುದು ಕಲಿಯುವ ಮೊದಲೇ ಹಾರುವುದು ಕಲಿತವಳು. ಅವಳ ತಾಯಿ ಗ್ರಿಲ್ಲಕ್ಕ. ಕಿಟಕಿ ಗ್ರಿಲ್ಲು, ಗೇಟು, ಮೆಟ್ಟಿಲಿನ ಕಟಕಟೆ ಮಾಡುವ ವೆಲ್ಡರ್. ಈ ಕತೆ ಅವಳದ್ದು.

ಗ್ರಿಲ್ಲಕ್ಕ ಮೊದಲು ಕಬ್ಬಿಣದ ಬೀರು ತಯಾರಿಸುವ ಕಾರ್ಖಾನೆಯಲ್ಲಿದ್ದಳು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ. ನಷ್ಟ ಅಂತ ಚೀಟಿ ಅಂಟಿಸಿದ್ದರು. ಅವಳ ಜೊತೆ ಅಲ್ಲೇ ಕೆಲಸಕ್ಕಿದ್ದ ನಾವೆಲ್ಲ ಗೇಟಿನ ಮುಂದೆ ಕೂತೆವು. ಉಳಿದವರೆಲ್ಲ ಕೆಲಸ ಕೊಡಿ, ಪರಿಹಾರ ಕೊಡಿ ಎಂದು ಕೂಗುತ್ತಿದ್ದರೆ ಇವಳದ್ದು ಒಂದೇ ಹಟ: "ಬೀಗ ತೆಗೀರಿ, ನಷ್ಟ ಎಲ್ಲಿದೆ ತೋರಿಸಿ." ಮ್ಯಾನೇಜರು ಕಾರಿನಲ್ಲಿ ಬಂದಾಗಲೆಲ್ಲ ಕಿಟಕಿಯ ಗಾಜಿಗೆ ಮುಖ ಹಚ್ಚಿ, "ತೋರಿಸ್ರೀ, ತೋರಿಸ್ರೀ" ಅನ್ನುತ್ತಿದ್ದಳು. ಅವರು ತೋರಿಸಲಿಲ್ಲ. ಗೇಟು ತೆರೆಯಲೂ ಇಲ್ಲ. ಕೂತವರಲ್ಲಿ ಕೆಲವರು ಎದ್ದು ಹೋದರು, ಕೆಲವರನ್ನು ಎಬ್ಬಿಸಲಾಯಿತು. ಇವಳು ಬಸ್ ನಿಲ್ದಾಣದ ಹಿಂದೆ ತಗಡಿನ ಶೆಡ್ ಹಾಕಿ ಸ್ವಂತ ವೆಲ್ಡಿಂಗ್ ಸೆಟ್ ಇಟ್ಟುಕೊಂಡಳು. ಗಂಡ ನೀರಿನ ಪಂಪ್‌ಹೌಸಿನಲ್ಲಿ ಆಪರೇಟರ್. ಮನೆಯಲ್ಲಿ ಮಾತಾಡುವ ಕೆಲಸವನ್ನೂ ಹೆಂಡತಿಗೇ ವಹಿಸಿಕೊಟ್ಟವನು. ಮಾತಿನಲ್ಲಿ ಅವಳಿಗೆ ಸರಿಜೋಡಿ ಎಂದರೆ ಅತ್ತೆ.

ಕ್ಲಬ್ಬಿನ ಎರಡು ರ‍್ಯಾಂಪುಗಳನ್ನೂ ಮಾಡಿದವಳು ಇವಳೇ. ಹಳೆಯ ಕಬ್ಬಿಣದ ಆ್ಯಂಗಲ್ಲು, ತಗಡು ಕೂಡಿಸಿ ಭಾನುವಾರಗಳಲ್ಲಿ ಬೆಸೆದದ್ದು. ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ಬಣ್ಣ ಬಳಿದು ಬರೆಸಿರುವ ಹೆಸರು ಮಾತ್ರ ಕಾರ್ಯದರ್ಶಿಯದ್ದು.

ಮಂಡಳಿಯ ಉತ್ತರ ಬಂದ ದಿನ ಅವಳು ಕೈಗವಸು ಕಳಚದೆಯೇ ಕ್ಲಬ್ಬಿನ ಆಫೀಸಿಗೆ ನುಗ್ಗಿದಳು. ಕಾರ್ಯದರ್ಶಿ ಗೆದ್ದ ಕಪ್ಪು, ಶೀಲ್ಡುಗಳನ್ನು ಜೋಡಿಸಿದ ಗಾಜಿನ ಬೀರುವಿನ ಮುಂದೆ ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಅವನ ಹೆಂಡತಿಯ ತಮ್ಮ. ಮದುವೆ ವಿಡಿಯೊ ತೆಗೆಯುವ ಈ ಭಾಮೈದನೇ ಕ್ಲಬ್ಬಿನ ಕ್ಯಾಮೆರಾಮನ್.

"ಸಾರ್, ನಿಮ್ಮ ಭಾಮೈದ ಏನು ತೆಗೆದಿದ್ದಾನೆ ಅಂತ ನೋಡಿದ್ರಾ?"

"ಏನೋ ಟೆಕ್ನಿಕಲ್ ಪ್ರಾಬ್ಲಮ್ ಆಗಿದೆ ಅಕ್ಕ."

"ಅಷ್ಟು ದೊಡ್ಡ ತಲೆ ನಿಮಗೆ ಟೆಕ್ನಿಕಲ್ಲಾ?"

ಭಾಮೈದ ನಡುವೆ ಬಾಯಿ ಹಾಕಿದ. "ಅಕ್ಕ, ನಾನು ಮದುವೆ ಮಾಡೋನು. ಯಾವ ಮದುಮಗಳೂ ಗಾಳೀಲಿ ಪಲ್ಟಿ ಹೊಡಿಯಲ್ಲ. ಅವಳ ಪಾಡಿಗೆ ಒಂದ್ಕಡೆ ನಿಂತಿರ್ತಾಳೆ. ನಿಮ್ಮ ಮಗಳು ನಿಲ್ಲೋದೇ ಇಲ್ಲ, ನಾನೇನ್ ಮಾಡ್ಲಿ?"

"ನಿಲ್ಲೋ ಹಂಗಿದ್ರೆ ಸೈಕಲ್ ಯಾಕೋ ಬೇಕಿತ್ತು? ಸ್ಟೂಲ್ ಕೊಡ್ತಿದ್ದೆ."

ಕಾರ್ಯದರ್ಶಿಗೆ ಸಾಕಾಯಿತು. "ನೋಡಿ, ಅಷ್ಟು ಅನುಮಾನ ಇದ್ರೆ ನಿಮ್ಮದೇ ಒಂದು ಕ್ಯಾಮೆರಾ ತಂದ್ಕೊಳ್ಳಿ. ಯಾರು ಬೇಡ ಅಂದ್ರು?" ಎಂದು ನಕ್ಕ. ಗ್ರಿಲ್ಲು ಬೆಸೆಯುವವಳು ಕ್ಯಾಮೆರಾ ಎಲ್ಲಿಂದ ತರುತ್ತಾಳೆ ಎಂಬ ನಗು. ಆ ನಗು ನನಗೆ ಚೆನ್ನಾಗಿ ಗೊತ್ತು. ಗೇಟಿನ ಒಳಗೆ ನಿಂತವರೆಲ್ಲ ಹೊರಗಿನವರನ್ನು ನೋಡಿ ನಗುವ ನಗು ಅದು.

"ತರ್ತೀನಿ" ಎಂದು ಹೊರಬಿದ್ದಳು.

ಮೊದಲು ಮನೆಯ ಫೋನಿನಲ್ಲೇ ನೋಡೋಣ ಅಂದುಕೊಂಡರು. ದೂರದಿಂದ ತೆಗೆದರೆ ಮಿಡತೆ ನಿಜಕ್ಕೂ ಮಿಡತೆಯಷ್ಟೇ ಕಾಣುತ್ತಿದ್ದಳು. ಹತ್ತಿರ ಹೋದರೆ, ಹಾರುವ ಗಳಿಗೆಗೆ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಹುಡುಗಿ, ಸೈಕಲ್ಲು, ಗೋಡೆ ಎಲ್ಲ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಅಷ್ಟರಲ್ಲಿ ಭಾಮೈದನೇ ಶೆಡ್ಡಿನ ಹತ್ತಿರ ಬಂದು, ತನ್ನ ಹಳೆಯ ಕ್ಯಾಮೆರಾ ಇದೆ, ಕಡಿಮೆಗೆ ಕೊಡ್ತೀನಿ ಅಂದ. ಹೆಗಲ ಮೇಲೆ ಹೊರುವಂಥದ್ದು, ಗ್ಯಾಸ್ ಸಿಲಿಂಡರಿನಷ್ಟು ಭಾರ. "ಇದನ್ನ ಹೊತ್ಕೊಂಡು ಅವಳ ಹಿಂದೆ ಓಡಿದ್ರೆ ಆಯ್ಕೆ ಆಗೋದು ನಾನೇ, ಭಾರ ಎತ್ತೋ ತಂಡಕ್ಕೆ" ಎಂದು ಅವನನ್ನು ಓಡಿಸಿದಳು.

ಆಮೇಲೆ ಅಂಗಡಿ. ಗಾಜಿನ ಬಾಗಿಲು, ಒಳಗೆ ತಂಪು, ಗೋಡೆಯ ಮೇಲೆ ದೊಡ್ಡ ಪರದೆ. ಪರದೆಯಲ್ಲಿ ಒಬ್ಬ ಮನುಷ್ಯ ಹಿಮದ ಬೆಟ್ಟದಿಂದ ಸತತವಾಗಿ ಕೆಳಗೆ ಬೀಳುತ್ತಿದ್ದ. ಒಂಚೂರೂ ಅಲುಗದ ಚಿತ್ರ. ಮಾರುವ ಹುಡುಗ ಟೈ ಕಟ್ಟಿಕೊಂಡು ಎದುರು ಬಂದ.

"ಅಮ್ಮ, ಸ್ಟಂಟಿಗಾದ್ರೆ ಫೋರ್‌ಕೆ ತಗೊಳ್ಳಿ, ಚಿತ್ರದ ಸೈಜು ದೊಡ್ಡದು. ನೋಡಿ, ಬೆಟ್ಟ ಹೆಂಗೆ ಬಂದಿದೆ!"

"ಅದನ್ನ ಈ ಕ್ಯಾಮೆರಾದಲ್ಲೇ ತೆಗೆದಿದ್ದಾ?"

"ಇದೇ ತರದ್ದರಲ್ಲಿ."

"ಇದೇ ತರದ್ದಾ, ಇದೇನಾ?"

ಹುಡುಗ ಟೈ ಸರಿಮಾಡಿಕೊಂಡ. ಕಣ್ಣೆದುರು ಕೈಯಾಡಿಸಿ ಮೋಸ ಮಾಡುವುದಕ್ಕೆ ಇವರಿಗೆ ಸಂಬಳ ಬೇರೆ. ಮೇಲಿನ ಕಪಾಟಿನ ಕ್ಯಾಮೆರಾಗಳತ್ತ ಗ್ರಿಲ್ಲಕ್ಕ ಕಣ್ಣೆತ್ತಲೇ ಇಲ್ಲ; ಅವಕ್ಕೆ ಶೆಡ್ಡನ್ನೇ ಮಾರಬೇಕಿತ್ತು. ಕೆಳಗಿನ ಕಪಾಟಿನಲ್ಲಿ ಎರಡು ಇದ್ದವು, ಎರಡೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು. ಒಂದರ ಡಬ್ಬಿಯ ತುಂಬ ಅಂಕಿಗಳೇ ಅಂಕಿಗಳು, ಜೊತೆಗೆ ತಲೆಗೆ, ಎದೆಗೆ, ಕೈಗೆ ಕಟ್ಟಿಕೊಳ್ಳಲು ಚೀಲದ ತುಂಬ ಪಟ್ಟಿ, ಕ್ಲಿಪ್ಪು. ಇನ್ನೊಂದಕ್ಕೆ ಡಬ್ಬಿಯೂ ಸಪ್ಪೆ, ಕ್ಲಿಪ್ಪೂ ಒಂದೇ.

"ಎರಡನ್ನೂ ಆನ್ ಮಾಡು. ಆ ಫ್ಯಾನಿನ ಕಡೆ ಹಿಡಿ."

"ಫ್ಯಾನಾ? ಅಮ್ಮ, ನೀವು ಬಂದಿದ್ದು ಕ್ಯಾಮೆರಾಗಾ, ಫ್ಯಾನಿಗಾ?"

"ಹಿಡಿಯಪ್ಪಾ. ಆಮೇಲೆ ಒಂದೊಂದೇ ಚಿತ್ರ ನಿಲ್ಲಿಸಿ ತೋರಿಸು. ರೆಕ್ಕೆ ಯಾವುದರಲ್ಲಿ ಎಣಿಸೋಕೆ ಬರುತ್ತೋ ಅದು ನನ್ನದು."

ಅಂಕಿಗಳ ಡಬ್ಬಿಯದ್ದರಲ್ಲಿ ಫ್ಯಾನು ಬೂದು ಬಣ್ಣದ ತಟ್ಟೆಯಾಗಿತ್ತು. ಸಪ್ಪೆ ಡಬ್ಬಿಯದ್ದರಲ್ಲಿ ರೆಕ್ಕೆಗಳು ರೆಕ್ಕೆಗಳಾಗಿಯೇ ಇದ್ದವು, ತುದಿ ಮಾತ್ರ ಸ್ವಲ್ಪ ಸೊಟ್ಟ. ಅವಳು ಅದನ್ನೇ ತೆಗೆದುಕೊಂಡಳು. ಹುಡುಗ ಪಟ್ಟಿಗಳ ಚೀಲ ತೋರಿಸಿ, "ತಲೆಗೆ ಕಟ್ಟಿದ್ರೆ ಮಗಳು ನೋಡಿದ್ದೆಲ್ಲ ಬರುತ್ತೆ ಅಮ್ಮ" ಎಂದು ಕೊನೆಯ ಗಾಳ ಹಾಕಿದ.

"ಮಗಳು ನೋಡಿದ್ದು ಯಾರಿಗೆ ಬೇಕು? ಮಗಳನ್ನ ನೋಡ್ಬೇಕು."

ಇಲ್ಲಿಯ ತನಕ ಸರಿಯಾಗೇ ಇತ್ತು. ಆಮೇಲೆ ಅವಳು ವೆಲ್ಡರ್ ಬುದ್ಧಿ ತೋರಿಸಿದಳು.

ಕ್ಯಾಮೆರಾ ಜೊತೆ ಬಂದ ಪ್ಲಾಸ್ಟಿಕ್ ಕ್ಲಿಪ್ಪನ್ನು ಕಂಡರೆ ಅವಳಿಗೆ ಮೈ ಉರಿಯಿತು. ಆಟಿಕೆ ಸಾಮಾನಿನ ಹಾಗಿತ್ತು ಅದು. ಜೀವನವಿಡೀ ಕಬ್ಬಿಣಕ್ಕೆ ಕಬ್ಬಿಣ ಬೆಸೆದು, ಗಟ್ಟಿ ಕೂತದ್ದು ಅಲುಗುವುದಿಲ್ಲ ಎಂದು ನಂಬಿದವಳು. ಕ್ಲಿಪ್ಪನ್ನು ಮೂಲೆಗೆಸೆದು, ಕ್ಯಾಮೆರಾ ಕೂರುವಂಥ ಉಕ್ಕಿನ ಗೂಡು ಮಾಡಿ, ಅದನ್ನು ರ‍್ಯಾಂಪಿನ ಪಕ್ಕೆಗೇ ಬೆಸೆದುಬಿಟ್ಟಳು. ಆನೆ ಬಂದು ಒದ್ದರೂ ಕದಲದ ಬೆಸುಗೆ. ಮಿಡತೆ ಹಾರಿದಳು, ಇಳಿದಳು, ಮತ್ತೆ ಹಾರಿದಳು. ಸಂಜೆ ಮನೆಯವರೆಲ್ಲ ಟಿವಿಯ ಮುಂದೆ ಕೂತರು.

ಮಿಡತೆ ರ‍್ಯಾಂಪ್ ಮುಟ್ಟಿದ್ದೇ ತಡ ಚಿತ್ರ ಗಡಗಡ ನಡುಗಿತು. ಸೈಕಲ್ಲಿನ ಚಕ್ರ ಮೊಟ್ಟೆಯಾಯಿತು. ಹುಡುಗಿಯ ಕತ್ತು ಹಾವಿನ ಹಾಗೆ ಬಳುಕಿತು. ಗೋಡೆ ಅಲೆಯಾಗಿ ಎದ್ದು ಬಂತು.

"ಇದೇನೇ ಇದು" ಎಂದರು ಅತ್ತೆ, "ಕುದಿಯೋ ಪಾತ್ರೆ ಒಳಗೆ ನನ್ನ ಮೊಮ್ಮಗಳನ್ನ ಹಾಕಿದ್ದೀಯ!"

"ಅತ್ತೆ, ಸುಮ್ನಿರಿ."

"ಸುಮ್ನಿರ್ತೀನಮ್ಮ. ಬೆಂದ್ಮೇಲೆ ಇಳಿಸು."

ಮಿಡತೆ ಅಜ್ಜಿಯ ಹೆಗಲ ಮೇಲೆ ಮುಖ ಇಟ್ಟು ನಕ್ಕಳು. ಗ್ರಿಲ್ಲಕ್ಕ ನಗಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದಳು. ಮೋಸಗಾರರು, ಬಡವರ ಕೈಗೆ ಕಸ ಕೊಡುತ್ತೀರಿ ಎಂದು ಅವಳು ಎತ್ತಿದ ದನಿಗೆ ಬೀದಿಯಲ್ಲಿ ಹೋಗುವವರು ನಿಂತರು. ಟೈ ಹುಡುಗ ಮಾಯವಾದ. ಹಿಂದಿನ ಕೋಣೆಯಿಂದ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯ ಸಮೇತ ಹೊರಬಂದು ವಿಡಿಯೊ ನೋಡಿದ.

"ಎಲ್ಲಿ ಕೂರಿಸಿದ್ರಿ ಅಕ್ಕ ಇದನ್ನ?"

"ರ‍್ಯಾಂಪಿಗೇ ವೆಲ್ಡ್ ಮಾಡಿದ್ದೀನಿ. ಭೂಕಂಪ ಆದ್ರೂ ಅಲ್ಲಾಡಲ್ಲ."

"ಅಕ್ಕ, ಭೂಕಂಪ ಆಗ್ತಿರೋದೇ ಆ ರ‍್ಯಾಂಪಲ್ಲಿ."

ಅವನು ಮೇಜಿನ ಮೇಲೆ ಕ್ಯಾಮೆರಾ ಇಟ್ಟು ಪಕ್ಕದಲ್ಲೊಂದು ಗುದ್ದು ಗುದ್ದಿ ತೋರಿಸಿದ. ಸೈಕಲ್ಲು ಬಂದು ಬಡಿದಾಗ ಕಬ್ಬಿಣವೆಲ್ಲ ಝಣ್ಣೆನ್ನುತ್ತದೆ, ಎಷ್ಟು ಗಟ್ಟಿ ಬೆಸೆದರೆ ಅಷ್ಟು ಚೆನ್ನಾಗಿ ಆ ನಡುಕ ಕ್ಯಾಮೆರಾಗೆ ತಲುಪುತ್ತದೆ. "ಕೈಯಲ್ಲಿ ಹಿಡ್ಕೊಳ್ಳಿ. ಮೈ ಮೆತ್ತಗಿರುತ್ತೆ, ಅರ್ಧ ನಡುಕ ಅದೇ ನುಂಗುತ್ತೆ. ಈ ಲೆನ್ಸು ಅಗಲವಾಗಿ ನೋಡೋದು, ದೂರ ನಿಂತ್ರೆ ಹುಡುಗಿ ಇರುವೆ ಆಗ್ತಾಳೆ. ಪಕ್ಕದಲ್ಲೇ ಓಡಿ, ಪೂರ್ತಿ ಹಿಡಿಸ್ತಾಳೆ. ಆಮೇಲೆ ಚಿತ್ರದ ಸೈಜು ಸಣ್ಣದು ಮಾಡಿ. ಆಗ ಸೆಕೆಂಡಿಗೆ ಜಾಸ್ತಿ ಚಿತ್ರ ಹೊಡಿಯುತ್ತೆ. ನಿಮಗೆ ಬೇಕಾಗಿರೋದು ಅದು, ದೊಡ್ಡ ಸೈಜಲ್ಲ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ನಿಮ್ಮ ಟೈ?"

"ಅವನಿಗೆ ಗೊತ್ತಿದ್ರೆ ತಾನೇ."

ತಾನು ಬೆಸೆದದ್ದನ್ನು ತಾನೇ ಕತ್ತರಿಸುವುದು ವೆಲ್ಡರಿಗೆ ಬಾಯಿಗೆ ಬೂದಿ ಹಾಕಿಕೊಂಡ ಹಾಗೆ. ಗ್ರೈಂಡರ್ ಹಿಡಿದು ಗೂಡನ್ನು ಕೊಯ್ದಳು. ಕೊಯ್ಯುವಷ್ಟು ಹೊತ್ತೂ ಬೈದಳು. ಯಾರನ್ನು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಒಂದು ಮೋಟು ಕೋಲಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿ, ಆ ಬೀಸಾಡಿದ ಪ್ಲಾಸ್ಟಿಕ್ ಕ್ಲಿಪ್ಪನ್ನು ಹುಡುಕಿ ತಂದು ಅದರಲ್ಲೇ ಕ್ಯಾಮೆರಾ ಸಿಕ್ಕಿಸಿ, ಅವಳು ಓಡಲು ಕಲಿತಳು. ಗುರು ಮಗಳು.

"ಮೊಣಕಾಲು ಬಗ್ಗಿಸಮ್ಮ. ಹಿಮ್ಮಡಿ ಊರಬೇಡ. ಬಾತುಕೋಳಿ ತರ."

"ಬಾತುಕೋಳಿ ನಿಮ್ಮಪ್ಪ."

"ಅಪ್ಪ ಓಡಿದ್ರೆ ತಾನೇ! ತಲೆ ನೆಟ್ಟಗೆ, ಸೊಂಟ ಕೆಳಗೆ. ನನ್ನ ಚಕ್ರ ನೋಡು, ನೆಲ ನೋಡ್ಬೇಡ."

ನೆಲ ನೋಡದೆ ಓಡಿ ಎರಡು ಸಲ ಮುಗ್ಗರಿಸಿದಳು, ಮೊಣಕೈ ತರಚಿಕೊಂಡಳು. ಮೈದಾನದ ಬೇಲಿಯಾಚೆ ನಿಂತ ಜನ ಹಲ್ಲು ಕಿಸಿದರು. ಒಂದು ದಿನ ಅತ್ತೆಯೂ ಬಂದು ಕಲ್ಲಿನ ಮೇಲೆ ಕೂತು, "ಹುಡುಗಿಗಿಂತ ಅಮ್ಮನ ಸ್ಟಂಟೇ ಜೋರಾಗಿದೆ" ಎಂದು ತೀರ್ಪು ಕೊಟ್ಟರು. ಆದರೆ ಚಿತ್ರದ ನಡುಕ ನಿಂತಿತು. ಇಳಿಜಾರಿನ ತುದಿಯಿಂದ ಹಿಡಿದು ಕೊನೆಯ ಬ್ರೇಕಿನವರೆಗೆ ಹುಡುಗಿ ಒಂದೇ ಸಮನೆ ಕಂಡಳು. ಹೆಲ್ಮೆಟ್ಟಿನ ಕೆಳಗೆ ಕಚ್ಚಿದ ತುಟಿ ಸಮೇತ.

ಕಳಿಸುವ ದಿನ ಬಂದಾಗ ಕಾರ್ಯದರ್ಶಿ, "ನಮ್ಮ ಭಾಮೈದನ ಕೈಗೆ ಕೊಡಿ, ಕ್ಲಬ್ಬಿನ ಹೆಸರು, ಮ್ಯೂಸಿಕ್ಕು ಎಲ್ಲ ಹಾಕ್ತಾನೆ" ಅಂದ. "ನನ್ನ ಮಗಳು ಮದುವೆ ಆಗ್ತಿಲ್ಲ" ಎಂದು ಗ್ರಿಲ್ಲಕ್ಕ ಅದನ್ನು ಹಾಗೇ ನೇರ ಮಂಡಳಿಗೆ ಕಳಿಸಿದಳು.

ಉತ್ತರ ಬಂತು. ಈ ಸಲ ಉದ್ದವಾಗಿತ್ತು. ಸುತ್ತು ಚೆನ್ನಾಗಿದೆ. ಆದರೆ ಇಳಿಯುವಾಗ ಸೊಂಟ ಎಡಕ್ಕೆ ವಾಲುತ್ತದೆ, ಹಿಂದಿನ ಚಕ್ರ ತಡವಾಗಿ ನೆಲ ಮುಟ್ಟುತ್ತದೆ. ಕೆಲವು ತಿಂಗಳ ಅಭ್ಯಾಸದಲ್ಲಿ ಹೋಗುವಂಥ ದೋಷ. ಈ ಬಾರಿ ಆಯ್ಕೆಯಾಗಿಲ್ಲ. ಮುಂದಿನ ಬಾರಿಗೆ ವಯಸ್ಸು ಮೀರುವುದರಿಂದ ಮತ್ತೆ ಅರ್ಜಿ ಹಾಕುವಂತಿಲ್ಲ.

ಮಿಡತೆ ಫೋನನ್ನು ಹಾಸಿಗೆಗೆ ಎಸೆದಳು. "ಸುಳ್ಳು! ನಾನು ವಾಲಲ್ಲ. ಬೇಕಂತಲೇ ಬರೆದಿದ್ದಾರೆ."

ಗ್ರಿಲ್ಲಕ್ಕನಿಗೂ ಹಾಗೇ ಅನ್ನಿಸಿತು. ಆದರೆ ತೋರಿಸು ಅನ್ನುವ ಚಟ ಅವಳನ್ನು ಬಿಡಬೇಕಲ್ಲ. ಟಿವಿ ಹಾಕಿ ಆ ಇಳಿಯುವ ಗಳಿಗೆಯನ್ನು ನಿಧಾನಕ್ಕೆ ಓಡಿಸಿದಳು. ಹಿಂದಕ್ಕೆ ತಂದು ಮತ್ತೆ ಓಡಿಸಿದಳು. ಮುಂದಿನ ಚಕ್ರ ಕೂತಿತ್ತು. ಹಿಂದಿನದು ಇನ್ನೂ ಗಾಳಿಯಲ್ಲಿತ್ತು. ಸೊಂಟ ಎಡಕ್ಕೆ.

"ನಿಜ ಕಣೇ."

"ನೀನೂ ಅವರ ಕಡೆನಾ?"

"ಚಕ್ರ ಯಾರ ಕಡೆನೂ ಅಲ್ಲ. ನೋಡು."

ಮಗಳು ನೋಡಿದಳು. ತಾನೇ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿ, "ಇದನ್ನ ಹೋದ ವರ್ಷವೇ ಯಾರಾದ್ರೂ ಹೇಳಿದ್ರೆ ಸರಿ ಮಾಡ್ಕೋತಿದ್ನಲ್ಲಮ್ಮ" ಅಂದಳು.

ಅಷ್ಟು ಸಾಕಾಯಿತು. ಗ್ರಿಲ್ಲಕ್ಕನ ಸಿಟ್ಟಿಗೆ ಅಲ್ಲಿಯ ತನಕ ಸರಿಯಾದ ವಿಳಾಸ ಸಿಕ್ಕಿರಲಿಲ್ಲ. ಕ್ಲಬ್ಬಿನವರು ಕಿತ್ತುಕೊಂಡದ್ದು ತಂಡದ ಜಾಗವನ್ನು ಎಂದುಕೊಂಡಿದ್ದಳು. ಅವರು ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದು. ಹುಡುಗಿಗೆ ತನ್ನ ತಪ್ಪು ತಿಳಿಯುವ ದಾರಿಯನ್ನೇ ಮುಚ್ಚಿ, ಒಂದು ವರ್ಷ ಅದೇ ತಪ್ಪನ್ನು ದಿನಾ ಅಭ್ಯಾಸ ಮಾಡಿಸಿದ್ದರು.

ಭಾನುವಾರ ಕ್ಲಬ್ಬಿನಲ್ಲಿ ಪೋಷಕರ ಸಭೆ. ಕಾರ್ಯದರ್ಶಿ ಮುಂದಿನ ಸಮಾರಂಭಕ್ಕೆ ಯಾರನ್ನು ಕರೆಯಬೇಕು ಎಂದು ಮಾತಾಡುತ್ತಿದ್ದ. ಗ್ರಿಲ್ಲಕ್ಕ ಎದ್ದು ಮುಂದೆ ಹೋಗಿ ಕ್ಯಾಮೆರಾ ಆನ್ ಮಾಡಿದಳು. ಸಣ್ಣ ಕೆಂಪು ದೀಪ ಹತ್ತಿತು.

"ಏನಕ್ಕ ಇದು?"

"ನೀವೇ ತಂದ್ಕೊಳ್ಳಿ ಅಂದ್ರಲ್ಲ, ತಂದಿದ್ದೀನಿ. ಈಗ ಹೇಳಿ. ಹೋದ ವರ್ಷ ನನ್ನ ಮಗಳು ಹಾರೋ ಹೊತ್ತಲ್ಲಿ ನಿಮ್ಮ ಕ್ಯಾಮೆರಾ ಯಾಕೆ ಆಚೆ ತಿರುಗಿತು?"

"ಆಗ್ಲೇ ಹೇಳಿದ್ನಲ್ಲ, ಟೆಕ್ನಿಕಲ್..."

"ನನ್ನ ಮಗನ ವಿಡಿಯೊದಲ್ಲಿ ಬರೀ ಚಪ್ಪಾಳೆ ಇದೆ ಸಾರ್" ಎಂದ ಹಿಂದೆ ಕೂತಿದ್ದ ಕ್ಷೌರದ ಅಂಗಡಿಯವನು. "ಕೈಗಳು. ಬರೀ ಕೈಗಳು. ಹುಡುಗ ಎಲ್ಲೂ ಇಲ್ಲ."

"ನಮ್ಮದರಲ್ಲಿ ನೀವು ಭಾಷಣ ಮಾಡ್ತಿದ್ದೀರಿ" ಎಂದಳು ಇನ್ನೊಬ್ಬ ತಾಯಿ. "ಮಗು ಬಿದ್ದ ಸದ್ದು ಕೇಳುತ್ತೆ, ಅಷ್ಟೇ."

ಕಾರ್ಯದರ್ಶಿ ಬೆವರಿದ. "ಇವನಿಗೆ ಎಷ್ಟು ಹೇಳಿದ್ರೂ ಬುದ್ಧಿ ಬರಲ್ಲ" ಎಂದು ಭಾಮೈದನ ಕಡೆ ಬೆರಳು ತೋರಿಸಿದ.

ಭಾಮೈದ ಕುರ್ಚಿ ತಳ್ಳಿ ಎದ್ದ. "ಭಾವ, ನನ್ನ ತಲೆಗೆ ಕಟ್ಟಬೇಡಿ. ವಿಡಿಯೊದಲ್ಲಿ ಅತಿಥಿಗಳು ಬರಲೇಬೇಕು, ಮಕ್ಕಳು ಬಂದ್ರೆ ಬರಲಿ ಅಂದೋರು ಯಾರು? ಅವರು ಖುಷಿಯಾದ್ರೆ ನನ್ನ ಸೀಟು ಗಟ್ಟಿ ಅಂದೋರು ಯಾರು?"

ಪೋಷಕರೆಲ್ಲ ಒಟ್ಟಿಗೆ ಕಾರ್ಯದರ್ಶಿಯ ಕಡೆ ತಿರುಗಿದರು.

"ಅದನ್ನ ಆಫ್ ಮಾಡ್ರೀ ಮೊದಲು!" ಎಂದು ಕಾರ್ಯದರ್ಶಿ ಕೈ ಚಾಚಿದ. ಗ್ರಿಲ್ಲಕ್ಕ ಮೊಣಕಾಲು ಬಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ಚಿತ್ರ ಅಲುಗಲಿಲ್ಲ. ನಾನು ನೋಡಿದ್ದೇನೆ. ಬಾಯಿ ತೆರೆದು ಮುಚ್ಚುವ ಅವನ ಮುಖ, ಪಕ್ಕದಲ್ಲಿ ಭಾಮೈದನ ಕೆಂಪಗಾದ ಕಿವಿ, ಎಲ್ಲ ಸ್ಪಷ್ಟ.

ಆ ವಿಡಿಯೊ ಈಗ ಮಂಡಳಿಯ ಮೇಜಿನ ಮೇಲಿದೆ. ಜೊತೆಗೆ ಪೋಷಕರೆಲ್ಲ ಸಹಿ ಹಾಕಿದ ಬೇಡಿಕೆ ಒಂದೇ: ಕ್ಲಬ್ಬಿನ ತಪ್ಪಿನಿಂದ ಒಂದು ವರ್ಷ ಕಳೆದುಕೊಂಡ ಮಕ್ಕಳಿಗೆ ವಯಸ್ಸಿನ ಮಿತಿ ಒಂದು ವರ್ಷ ಸಡಿಲಿಸಿ. ಪರಿಶೀಲಿಸುತ್ತೇವೆ ಅಂದಿದ್ದಾರೆ. ಪರಿಶೀಲನೆ ಎಂಬ ಮಾತಿನಲ್ಲಿ ಎಷ್ಟು ಅರ್ಜಿಗಳು ಕೊಳೆತು ಗೊಬ್ಬರವಾಗಿವೆ ಎಂದು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಿಡತೆ ದಿನಾ ಹಾರುತ್ತಿದ್ದಾಳೆ. ಸೊಂಟ ಈಗ ಅಷ್ಟು ವಾಲುವುದಿಲ್ಲ. ಗ್ರಿಲ್ಲಕ್ಕ ಹೋದ ವಾರ ಯಾರಿಗೂ ಹೇಳದೆ ಮಂಡಳಿಯ ಕಚೇರಿಗೆ ಹೋಗಿ ಬಂದಳು. ಒಳಗೆ ಹೋಗಲಿಲ್ಲ. ಎದುರಿನ ರಸ್ತೆಯನ್ನು ಟೇಪು ಹಿಡಿದು ಅಳೆದು ಬಂದಳು. ರ‍್ಯಾಂಪುಗಳೆರಡೂ ಆರಾಮಾಗಿ ಹಿಡಿಸುತ್ತವಂತೆ, ನಡುವೆ ಹಾರುವುದಕ್ಕೂ ಜಾಗ ಇದೆಯಂತೆ. ಸಾಹೇಬರುಗಳು ಕಿಟಕಿ ತೆಗೆದರೆ ಸಾಕು, ವಿಡಿಯೊ ಕೂಡ ಬೇಕಾಗಿಲ್ಲ.

ಲಾರಿಗೆ ಹೇಳಿಯಾಗಿದೆ. ಮುಂದಿನ ಸೀಟು ತನಗೆ ಎಂದು ಅತ್ತೆ ಈಗಲೇ ತಕರಾರು ತೆಗೆದಿದ್ದಾರೆ.